ಕುದುರೆಮುಖದ ಕಬ್ಬಿಣ

ಬೆಳಗಾದೊಡನೆ ನಮ್ಮ ಗೃಹಿಣಿಯರು ಒಲೆಯ ಮೇಲಿಡುವ ದೋಸೆಯ ಕಾವಲಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ತೋಟಕ್ಕೆ ಹೊರಟ ಆಳಿನ ಹೆಗಲ ಮೇಲಿನ ಹಾರೆ, ಬಾವಿಯ ರಾಟೆ, ಮಕ್ಕಳು ಶಾಲೆಗೆ ಹೋಗುವ ಬಸ್ಸು, ಇವೆಲ್ಲವೂ ಕಬ್ಬಿಣದ ಉಪಕಾರದಿಂದ ಆದವುಗಳು. ಕಬ್ಬಿಣವಿಲ್ಲದ ಮನೆಯನ್ನು ಊಹಿಸುವುದು ಉಪ್ಪಿಲ್ಲದ ಅಡಿಗೆಯನ್ನು ಊಹಿಸಿದಂತೆಯೇ ಸರಿ. ಆದರೆ ಈ ಲೋಹವು ಎಲ್ಲಿಂದ ಬಂದಿತು, ಅದನ್ನು ಅಗೆದು ತೆಗೆದ ಗುಡ್ಡವು ಈಗ ಹೇಗಿದೆ, ಅಗೆದವನ ಮನೆಯ ಒಲೆಯು ಇಂದು ಉರಿಯುತ್ತಿರುವುದೋ ಇಲ್ಲವೋ ಎಂಬುದನ್ನು ನಾವಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಸಂದರ್ಭವೂ ಸಾಮಾನ್ಯವಾಗಿ ಒದಗದು. ಹೆಬ್ರಿ, ಕಾರ್ಕಳದ ಕಡೆಯವರಿಗೆ ಮಾತ್ರ ಈ ವಿಚಾರವು ತಪ್ಪಿದ್ದಲ್ಲ. ಅಂಥ ಗುಡ್ಡವೊಂದು ಅವರ ಬೆನ್ನ ಹಿಂದೆಯೇ ನಿಂತಿದೆ.

ಉಡುಪಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಘಟ್ಟದ ಬುಡಕ್ಕೆ ತುಸು ಈಚೆಗೆ, ಹೆಬ್ರಿಯು ಸಿಗುವುದು. ೨೦೧೮ರಲ್ಲಿ ಇದು ತಾಲೂಕಿನ ಮುಖ್ಯಸ್ಥಳವಾಯಿತು. ಒಂದು ಕಡೆಗೆ ೧೯೭೪ರಿಂದ ರಕ್ಷಿತವಾಗಿರುವ ಸೋಮೇಶ್ವರದ ಅಭಯಾರಣ್ಯ, ಇನ್ನೊಂದು ಕಡೆಗೆ ಗದ್ದೆ, ಅಡಿಕೆಯ ತೋಟ, ಅಕ್ಕಿಯ ಗಿರಣಿ, ಗೇರುಬೀಜದ ಕಾರ್ಖಾನೆ, ನಡುವೆ ಸೀತಾನದಿ. ಇಲ್ಲಿಂದ ಮುದ್ರಾಡಿ, ವರಂಗದ ಮಾರ್ಗವಾಗಿ ಕಾರ್ಕಳಕ್ಕೆ ಬಂದು, ಬಜಗೋಳಿ ಮಾಳಗಳನ್ನು ದಾಟಿ ಘಟ್ಟವನ್ನೇರಿದರೆ ಎಸ್.ಕೆ. ಬಾರ್ಡರ್ ಎಂಬ ಸ್ಥಳವು ಬರುತ್ತದೆ. ಸೌತ್ ಕೆನರಾ ಎಂಬ ಜಿಲ್ಲೆಯು ಮಾಯವಾಗಿ ಎಷ್ಟೋ ಕಾಲವಾದರೂ ಅದರ ಗಡಿಯು ಹೆಸರಿನಲ್ಲಿ ಉಳಿದುಕೊಂಡಿರುವುದು ಒಂದು ವಿನೋದ. ಅಲ್ಲಿ ದಾರಿಯು ಕವಲೊಡೆದು ಒಂದು ಶೃಂಗೇರಿಯ ಕಡೆಗೂ ಮತ್ತೊಂದು ಕುದುರೆಮುಖ, ಕಳಸಗಳ ಕಡೆಗೂ ಹೋಗುತ್ತದೆ. ಎರಡನೆಯ ದಾರಿಯನ್ನು ಹಿಡಿದವರು ಹುಲ್ಲಿನ ಬೋಳುಗುಡ್ಡಗಳನ್ನೂ ಅವುಗಳ ಮಡಿಲಲ್ಲಿ ಅಡಗಿರುವ ಕಪ್ಪುಹಸುರಿನ ಶೋಲಾ ಕಾಡುಗಳನ್ನೂ ನೋಡುತ್ತ ಸಾಗಿ, ಕೊನೆಗೆ ಒಂದು ಪಟ್ಟಣವನ್ನು ಕಾಣುವರು. ಸಾಲುಸಾಲು ಮನೆಗಳು, ಅಗಲವಾದ ಬೀದಿಗಳು, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಇದ್ದ ಪಟ್ಟಣವದು. ಇಂದು ಅದರ ಬಹುಭಾಗವು ಜನರಿಲ್ಲದೆ ಪಾಚಿಗಟ್ಟಿದೆ. ಮನೆಯು ಹಳತಾಗಿ ಬಿದ್ದರೆ ಮನಸ್ಸಿಗೆ ಅಷ್ಟು ಕಷ್ಟವಾಗದು. ಗಟ್ಟಿಯಾಗಿ ನಿಂತಿರುವ ಮನೆಯಲ್ಲಿ ದೀಪವಿಲ್ಲದಿದ್ದರೆ ನೋಡಲಾಗುವುದಿಲ್ಲ.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವ ಸಂಗತಿಯನ್ನು ೧೯೧೩ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ಕಂಡುಕೊಂಡರು. ಕಂಡುಕೊಂಡ ಮಾತ್ರಕ್ಕೆ ಅಗೆಯುವಂತಿರಲಿಲ್ಲ. ಬಳ್ಳಾರಿಯ ಸೀಮೆಯ ಅದಿರಿನಲ್ಲಿ ನೂರಕ್ಕೆ ಅರುವತ್ತರ ಮೇಲೆ ಕಬ್ಬಿಣವಿದ್ದರೆ ಇಲ್ಲಿಯದರಲ್ಲಿ ನಾಲ್ವತ್ತೂ ಇಲ್ಲ. ಅದು ಅಯಸ್ಕಾಂತಕ್ಕೆ ಅಂಟುವ ಜಾತಿಯ ಅದಿರು. ಅದನ್ನು ಪುಡಿಮಾಡಿ ಬೇರ್ಪಡಿಸಿದ ಹೊರತು ಪ್ರಯೋಜನವಿಲ್ಲ. ರೈಲಿಲ್ಲ, ಸರಿಯಾದ ದಾರಿಯಿಲ್ಲ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆ. ಹೀಗಾಗಿ ಬೆಟ್ಟವು ಇನ್ನೂ ಆರು ದಶಕಗಳಷ್ಟು ಕಾಲ ತನ್ನ ಪಾಡಿಗೆ ತಾನಿತ್ತು.

ಅದಕ್ಕೆ ಕೈಹಾಕಿಸಿದ್ದು ಇರಾನದ ಎಣ್ಣೆಯ ಹಣ. ೧೯೭೩ರ ತರುವಾಯ ಎಣ್ಣೆಯ ಬೆಲೆಯೇರಿ ಇರಾನದ ಶಹರ ಬೊಕ್ಕಸವು ತುಂಬಿ ತುಳುಕುತ್ತಿತ್ತು. ತಮ್ಮ ದೇಶದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲದಿಂದ ಅವರ ಸರಕಾರವು ೧೯೭೫ರಲ್ಲಿ ಭಾರತದೊಡನೆ ಒಪ್ಪಂದವನ್ನು ಮಾಡಿಕೊಂಡು, ಅರುವತ್ತಮೂರು ಕೋಟಿ ಡಾಲರುಗಳ ಸಾಲವನ್ನು ಕೊಡುವುದೆಂದೂ ಅದಿರನ್ನು ತಾನೇ ಕೊಳ್ಳುವುದೆಂದೂ ಮಾತುಕೊಟ್ಟಿತು. ೧೯೭೬ರ ಏಪ್ರಿಲಿನಲ್ಲಿ ಭಾರತ ಸರಕಾರದ ಸ್ವಾಮ್ಯದಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿಯು ಹುಟ್ಟಿತು. ಸಾವಿರಾರು ಜನರು ಮಳೆಯಲ್ಲಿ ನೆನೆದು ದಾರಿ ಕಡಿದು, ಯಂತ್ರಗಳನ್ನು ಮೇಲೇರಿಸಿ, ಕೆಲಸವನ್ನು ಮುಗಿಸುತ್ತ ಬಂದರು. ಅಷ್ಟರಲ್ಲಿ ೧೯೭೯ರ ಕ್ರಾಂತಿಯಾಗಿ ಶಹರು ದೇಶವನ್ನು ಬಿಟ್ಟುಹೋದರು. ಸಾಲವು ಅರ್ಧಕ್ಕೆ ನಿಂತಿತು, ಕೊಳ್ಳುವವನೂ ಇಲ್ಲವಾದನು. ಮದುವೆಯ ಚಪ್ಪರವೆಲ್ಲ ಸಿದ್ಧವಾದ ಮೇಲೆ ವರನು ಬಾರದಿದ್ದಂತಾಯಿತು. ೧೯೮೦ರಲ್ಲಿ ಯಂತ್ರಗಳು ಸಿದ್ಧವಾಗಿ ನಿಂತಾಗ ಮಾಲಿಗೆ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು. ೧೯೮೭ರಲ್ಲಿ ಪಣಂಬೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆಕಟ್ಟುವ ಕಾರ್ಖಾನೆಯು ಬಂದ ಮೇಲೆ ವ್ಯಾಪಾರವು ಸ್ವಲ್ಪ ಭದ್ರವಾಯಿತು. ದೂರದ ಒಬ್ಬ ಅರಸನ ಗದ್ದುಗೆ ಅಲುಗಿದರೆ ಇಲ್ಲಿ ಮಲೆನಾಡಿನ ಮೂಲೆಯ ಕೂಲಿಯ ಅನ್ನವೂ ಅಲುಗುವುದೆಂಬುದನ್ನು ಕುದುರೆಮುಖವು ಕೆಲಸ ತೊಡಗುವ ಮೊದಲೇ ತೋರಿಸಿಕೊಟ್ಟಿತು.

ಅಲ್ಲಿ ನಡೆಯುತ್ತಿದ್ದ ಕೆಲಸದ ಬಗೆಯು ಕೌತುಕವನ್ನು ಹುಟ್ಟಿಸತಕ್ಕದ್ದು. ಸಿಡಿಮದ್ದಿಟ್ಟು ಒಡೆದ ಕಲ್ಲನ್ನು ಮನೆಯಷ್ಟು ಎತ್ತರದ ಲಾರಿಗಳಲ್ಲಿ ಹೇರಿ ತಂದು, ಜಜ್ಜಿ, ದೊಡ್ಡ ಉರುಳೆಗಳಲ್ಲಿ ನೀರು ಬೆರಸಿ ಅರೆಯುತ್ತಿದ್ದರು. ನಮ್ಮ ಅಡಿಗೆಮನೆಯ ಅರೆಯುವ ಕಲ್ಲಿನ ಕೆಲಸವೇ ಅದು, ಗಾತ್ರವೊಂದು ಬೇರೆ. ಹಿಟ್ಟಿನಂತಾದ ಅದಿರಿನಿಂದ ಅಯಸ್ಕಾಂತದ ಮೂಲಕ ಕಬ್ಬಿಣದ ಅಂಶವನ್ನು ಸೆಳೆದುಕೊಂಡರೆ ನೂರಕ್ಕೆ ಅರುವತ್ತೇಳರಷ್ಟು ಕಬ್ಬಿಣವಿರುವ ಕರಿಯ ಪುಡಿಯು ದೊರೆಯುತ್ತಿತ್ತು. ಇದನ್ನು ಲಾರಿಗಳಲ್ಲಿ ಇಳಿಸುವುದರ ಬದಲು ನೀರಿನೊಡನೆ ಕಲಸಿ ಅರುವತ್ತೇಳು ಕಿಲೋಮೀಟರು ಉದ್ದದ ಕೊಳವೆಯಲ್ಲಿ ಹರಿಯಬಿಟ್ಟರು. ಅದು ಘಟ್ಟವನ್ನಿಳಿದು, ನಮ್ಮ ಗುಡ್ಡಬೈಲುಗಳ ಅಡಿಯಲ್ಲಿ ಗುಪ್ತಗಾಮಿನಿಯಂತೆ ಸಾಗಿ, ೧೯೭೫ರಲ್ಲಿ ಉದ್ಘಾಟಿತವಾದ ನವಮಂಗಳೂರು ಬಂದರನ್ನು ಸೇರುತ್ತಿತ್ತು. ಅಲ್ಲಿ ನೀರನ್ನು ಬಸಿದು ಪುಡಿಯನ್ನೇ ಹಡಗಿಗೇರಿಸುತ್ತಿದ್ದರು, ಇಲ್ಲವೆ ದಪ್ಪ ಕಡಲೆಯಷ್ಟು ಗಾತ್ರದ ಉಂಡೆಗಳನ್ನು ಮಾಡಿ ಸುಡುತ್ತಿದ್ದರು.

ಇದರಲ್ಲಿ ಗೃಹಸ್ಥರು ಗಮನಿಸಬೇಕಾದ ಲೆಕ್ಕವೊಂದುಂಟು. ವರ್ಷಕ್ಕೆ ಎರಡು ಕೋಟಿ ಇಪ್ಪತ್ತಾರು ಲಕ್ಷ ಟನ್ನು ಅದಿರನ್ನು ಅಗೆದು ಎಪ್ಪತ್ತೈದು ಲಕ್ಷ ಟನ್ನು ಪುಡಿಯನ್ನು ತೆಗೆಯುವುದು ಯೋಜನೆಯ ಅಳತೆಯಾಗಿತ್ತು. ಮೂರು ಪಾಲು ಅಗೆದರೆ ಒಂದು ಪಾಲು ಮಾತ್ರ ಹಡಗಿಗೆ; ಉಳಿದೆರಡು ಪಾಲು ನುಣ್ಣನೆಯ ಕೆಸರಾಗಿ ಬೆಟ್ಟದ ಮೇಲೆಯೇ ನಿಲ್ಲಬೇಕು. ಅದನ್ನು ತಡೆದಿಡುವುದಕ್ಕಾಗಿ ಲಕ್ಯಾ ಎಂಬ ಹಳ್ಳಕ್ಕೆ ನೂರು ಮೀಟರುಗಳಷ್ಟು ಎತ್ತರದ ಅಣೆಕಟ್ಟನ್ನು ಕಟ್ಟಿದರು. ಗಣಿಯು ಇದ್ದದ್ದಾದರೂ ಭದ್ರಾನದಿಯ ಹುಟ್ಟಿನ ನೆರೆಯಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲವು ಆ ಬೆಟ್ಟದ ಸಾಲಿನಲ್ಲಿಯೇ ಇದೆ. ಬಿಚ್ಚಿಟ್ಟ ಮಣ್ಣಿನ ಮೇಲೆ ಆಷಾಢದ ಮಳೆಯು ಹೊಡೆದಾಗ ಏನಾಗುವುದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಭದ್ರೆಯ ನೀರು ಕೆಂಪಾಯಿತು. ನದಿಯ ಹೂಳನ್ನು ಅಳೆದ ವಿಜ್ಞಾನಿಗಳು, ಜಲಾನಯನದ ಒಂದು ಸಣ್ಣ ಭಾಗವಷ್ಟೇ ಆಗಿದ್ದ ಗಣಿಯ ಪ್ರದೇಶದಿಂದ ಒಟ್ಟು ಹೂಳಿನ ಅರ್ಧಕ್ಕಿಂತ ಹೆಚ್ಚು ಬರುತ್ತಿರುವುದೆಂದು ಕಂಡರು. ಆ ನದಿಯ ಕೆಳಗೆ ಲಕ್ಕವಳ್ಳಿಯ ಅಣೆಕಟ್ಟೂ, ಅದನ್ನು ನಂಬಿದ ಶಿವಮೊಗ್ಗ ದಾವಣಗೆರೆಗಳ ಗದ್ದೆಗಳೂ ಇರುವುವು. ಘಟ್ಟದ ಮೇಲಿನ ಸಂಬಳಕ್ಕೆ ಬಯಲಿನ ಗದ್ದೆಯು ತನಗೆ ತಿಳಿಯದಂತೆಯೇ ತೆರಿಗೆ ಕಟ್ಟುತ್ತಿತ್ತೆಂದು ಹೇಳಬಹುದು.

ಇನ್ನೊಂದು ಪಕ್ಷವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆ ಸಂಬಳವು ಸುಳ್ಳಾಗಿರಲಿಲ್ಲ. ಮಕ್ಕಳನ್ನು ಓದಿಸಲು ಹೊಲವನ್ನು ಅಡವಿಡಬೇಕಾಗಿದ್ದ ಕಾಲದಲ್ಲಿ ಸರಕಾರಿ ಕಂಪನಿಯ ಖಾಯಂ ಕೆಲಸವೆಂದರೆ ಒಂದು ಕುಟುಂಬವು ಎರಡು ತಲೆಮಾರು ಮೇಲೇರುವ ಮೆಟ್ಟಲಾಗಿತ್ತು. ಕಂಪನಿಯ ಮನೆ, ಕಂಪನಿಯ ವೈದ್ಯರು, ಕಂಪನಿಯ ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ವಿದ್ಯೆ. ಆ ಮಳೆಯೂರಿನಲ್ಲಿ ಬೆಳೆದ ಮಕ್ಕಳು ಈಗ ದೇಶದ ನಾನಾ ಕಡೆಗಳಲ್ಲಿ ದೊಡ್ಡ ಉದ್ಯೋಗಗಳಲ್ಲಿರುವರು; ಹುಟ್ಟೂರು ಯಾವುದೆಂದು ಕೇಳಿದರೆ ಕುದುರೆಮುಖವೆನ್ನುವರು. ಹಾಗೆನ್ನುವಾಗ ಅವರ ದನಿಯು ಬದಲಾಗುವುದನ್ನು ನಾನು ಗಮನಿಸಿದ್ದೇನೆ. ಆದರೆ ಯಂತ್ರ ಬಲ್ಲವರ ಕೆಲಸವು ಬಹುಮಟ್ಟಿಗೆ ಹೊರಗಿನಿಂದ ಬಂದ ವಿದ್ಯಾವಂತರಿಗೆ ಸಿಕ್ಕಿತು. ಕಾಡಿನಂಚಿನ ಮಲೆಕುಡಿಯನಿಗೂ ಗೇಣಿಯ ಒಕ್ಕಲಿಗನಿಗೂ ಸಿಕ್ಕಿದ್ದು ಹೆಚ್ಚಾಗಿ ಗುತ್ತಿಗೆಯ ಕೂಲಿ. ಸ್ಥಳೀಯರಿಗೆ ಉದ್ಯೋಗವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಯಾವ ಸ್ಥಳೀಯರಿಗೆ, ಎಂಥ ಉದ್ಯೋಗ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳುವುದು ಲೇಸು.

ಗಣಿಯು ಅಗೆಯುತ್ತಿದ್ದಂತೆಯೇ ಕಾಡಿನ ಬೆಲೆಯನ್ನು ಅರಿತವರೂ ಸುಮ್ಮನಿರಲಿಲ್ಲ. ನಮ್ಮ ಶಿವರಾಮ ಕಾರಂತರ ಮಕ್ಕಳಾದ ಉಲ್ಲಾಸ ಕಾರಂತರು ೧೯೮೦ರ ದಶಕದ ಮೊದಲಿನಲ್ಲಿ ಸಿಂಗಳೀಕಗಳ ನೆಲೆಯನ್ನು ಹುಡುಕುತ್ತ ಈ ಕಾಡುಗಳನ್ನು ಸುತ್ತಿ, ಘಟ್ಟದ ಮಳೆಕಾಡಿನ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಆ ಕರಿಯ ಕೋತಿಗೆ ಇದು ದೊಡ್ಡ ಆಶ್ರಯವೆಂದು ತೋರಿಸಿದರು. ೧೯೮೭ರಲ್ಲಿ ಸುಮಾರು ಆರುನೂರು ಚದರ ಕಿಲೋಮೀಟರು ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನವು ಘೋಷಿತವಾಯಿತು. ವಿಚಿತ್ರವೇನೆಂದರೆ, ಆ ಉದ್ಯಾನದ ಹೊಟ್ಟೆಯಲ್ಲಿಯೇ ಗಣಿಯು ಮುಂದುವರಿಯಿತು. ಒಂದೇ ಸರಕಾರದ ಒಂದು ಕೈ ಬೇಲಿ ಹಾಕಿದರೆ ಮತ್ತೊಂದು ಕೈ ಸಿಡಿಮದ್ದಿಗೆ ಬತ್ತಿ ಹಚ್ಚುತ್ತಿತ್ತು.

೧೯೬೯ರಿಂದ ಮೂವತ್ತು ವರ್ಷಗಳಿಗೆಂದು ಕೊಟ್ಟ ಗುತ್ತಿಗೆಯು ೧೯೯೯ರ ಜುಲೈಯಲ್ಲಿ ತೀರಿತು. ಇನ್ನೂ ಇಪ್ಪತ್ತು ವರ್ಷಗಳ ಅವಕಾಶವನ್ನು ಕಂಪನಿಯು ಬೇಡಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಗಳಾಗಿ ಹೆಸರುವಾಸಿಯಾಗಿದ್ದ ಕೊಡಗಿನ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೨೦೦೨ರ ಅಕ್ಟೋಬರ್ ೩೦ರಂದು ತೀರ್ಪು ಬಂದಿತು: ಆಗಲೇ ಅಗೆದ ಜಾಗದಲ್ಲಿ ಮಾತ್ರ ೨೦೦೫ರ ಕೊನೆಯ ತನಕ ಕೆಲಸ ನಡೆಯಬಹುದು, ಆಮೇಲೆ ಕೂಡದು. ಹಾಗೆಯೇ ೨೦೦೫ರ ಡಿಸೆಂಬರ್ ೩೧ರಂದು ಅಗೆತವು ನಿಂತಿತು. ಕೆಲಸಗಾರರಲ್ಲಿ ಕೆಲವರು ಮಂಗಳೂರಿಗೆ ಹೋದರು, ಕೆಲವರು ನಿವೃತ್ತಿಯ ಹಣವನ್ನು ಪಡೆದು ಊರು ಸೇರಿದರು. ಗುತ್ತಿಗೆಯ ಕೂಲಿಯವನಿಗೂ, ಪೇಟೆಯಲ್ಲಿ ಅಂಗಡಿಯಿಟ್ಟಿದ್ದವನಿಗೂ ನಿವೃತ್ತಿಯೆಂಬುದಿಲ್ಲ. ಅವರ ಕಥೆಯನ್ನು ಯಾವ ತೀರ್ಪಿನ ಪುಟದಲ್ಲಿಯೂ ಹುಡುಕುವುದು ವ್ಯರ್ಥ.

ಗಣಿಯನ್ನು ಮುಚ್ಚಿಸಿದ್ದು ಸರಿಯೇ ಎಂದು ನನ್ನನ್ನು ಕೇಳಿದವರಿಗೆ ಸರಿಯೆಂದೇ ಹೇಳುತ್ತ ಬಂದಿದ್ದೇನೆ. ಆ ಮಳೆಯಲ್ಲಿ, ಆ ನದಿಗಳ ತಲೆಯ ಮೇಲೆ, ಅಂಥ ಕಾಡಿನ ನಡುವೆ ಅಗೆಯತಕ್ಕ ಅದಿರು ಅದಾಗಿರಲಿಲ್ಲ. ಆದರೆ ಮುಚ್ಚಿದ ರೀತಿಯನ್ನು ಮೆಚ್ಚಲಾರೆ. ಗಣಿಯೆಂಬುದು ಹುಟ್ಟುವಾಗಲೇ ತನ್ನ ಮರಣದ ದಿನವನ್ನು ಹಣೆಯಲ್ಲಿ ಬರೆಸಿಕೊಂಡು ಬರುತ್ತದೆ. ಗುತ್ತಿಗೆಯ ಕಾಗದದಲ್ಲಿ ಮೂವತ್ತು ವರ್ಷವೆಂದು ಮೊದಲೇ ಇತ್ತು. ತಕ್ಕ ಯಜಮಾನನು ಮಗಳು ಹುಟ್ಟಿದ ವರ್ಷವೇ ಅವಳ ಮದುವೆಗೆಂದು ನಾಲ್ಕು ಕಾಸು ತೆಗೆದಿಡುತ್ತಾನೆ. ಲಾಭವು ಹರಿದುಬರುತ್ತಿದ್ದ ಆ ವರ್ಷಗಳಲ್ಲಿ ಪ್ರತಿ ಟನ್ನಿನ ಮೇಲೆ ಇಷ್ಟೆಂದು ಬೇರೆಯಾಗಿಟ್ಟು, ಮುಂದೆ ಕಾಡನ್ನು ಬೆಳೆಸುವುದಕ್ಕೂ ಸುತ್ತಲಿನ ಊರುಗಳಲ್ಲಿ ಬೇರೆ ಕಸಬುಗಳನ್ನು ನಿಲ್ಲಿಸುವುದಕ್ಕೂ ಉಪಯೋಗಿಸಬಹುದಾಗಿತ್ತು. ಲಕ್ಯಾದ ಕೆಸರಿನ ಕಾವಲಾದರೂ ಮುಗಿಯುವ ಕೆಲಸವಲ್ಲ. ೨೦೧೯ರ ಜನವರಿ ೨೫ರಂದು ಬ್ರೆಜಿಲ್ ದೇಶದ ಬ್ರುಮಾಡಿನ್ಯೋ ಎಂಬಲ್ಲಿ ಕಬ್ಬಿಣದ ಗಣಿಯ ಕೆಸರಿನ ಕಟ್ಟೆಯೊಡೆದು ಇನ್ನೂರ ಎಪ್ಪತ್ತರಷ್ಟು ಜನರು ಸತ್ತುಹೋದರು. ಆ ಕಟ್ಟೆಗೆ ಕೆಸರು ಸೇರುವುದು ನಿಂತು ಆಗಲೇ ಕೆಲವು ವರ್ಷಗಳಾಗಿದ್ದುವು. ಕೆಲಸವು ನಿಂತಿದೆಯೆಂದು ಕಾವಲುಗಾರನನ್ನು ಮನೆಗೆ ಕಳುಹಿಸುವಂತಿಲ್ಲ.

ಕಾಡು ಉಳಿಯಿತು, ಸರಿ. ಕಾಡಿನಂಚಿನ ಮನುಷ್ಯನ ಮಾತೇನಾಯಿತು? ಹೆಬ್ರಿಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಉದ್ಯಾನದ ಒಳಗೂ ಅಂಚಿನಲ್ಲಿಯೂ ತಲೆತಲಾಂತರದಿಂದ ಬಾಳುತ್ತಿದ್ದ ಕುಟುಂಬಗಳಿಗೆ, ಎಲ್ಲಿ ಎಬ್ಬಿಸಿಬಿಡುವರೋ ಎಂಬ ಭಯವು ಹುಟ್ಟಿತು. ಗಣಿಗೆ ದಾರಿಯನ್ನೂ ವಿದ್ಯುತ್ತನ್ನೂ ಕೊಟ್ಟ ಸರಕಾರವು ತಮ್ಮ ಗುಡಿಸಲಿಗೆ ತಂತಿಯೆಳೆಯಲು ಕಾಡಿನ ಕಾನೂನನ್ನು ಅಡ್ಡ ಹೇಳುವುದು ಅವರಿಗೆ ನ್ಯಾಯವೆಂದು ತೋರಲಿಲ್ಲ. ಈ ಅಸಮಾಧಾನದ ಬೆಂಕಿಗೆ ಬೇರೆಯವರು ಗಾಳಿ ಹಾಕಿದರು. ೨೦೦೩ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ನಕ್ಸಲ್ ತರುಣಿಯರು ಬಲಿಯಾದರು. ೨೦೨೪ರ ನವೆಂಬರಿನಲ್ಲಿ ಹೆಬ್ರಿಯ ಹತ್ತಿರದ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ಮುಂದಾಳು ವಿಕ್ರಂ ಗೌಡನು ಹತನಾದನು. ಅವನ ಹುಟ್ಟೂರೂ ಈ ಸೀಮೆಯೇ. ೨೦೨೫ರ ಜನವರಿಯಲ್ಲಿ ಉಳಿದವರಲ್ಲಿ ಆರು ಮಂದಿ ಶರಣಾದರು. ಬಂದೂಕಿನ ದಾರಿಯು ಯಾರಿಗೂ ಅನ್ನವನ್ನು ಕೊಡಲಿಲ್ಲ, ನಿಜ. ಆದರೆ ಬಂದೂಕು ಹೋದೊಡನೆ ಆ ಮನೆಗಳಿಗೆ ದಾರಿಯೂ ದೀಪವೂ ತಾವಾಗಿ ಬರುವುವೆಂದು ತಿಳಿಯತಕ್ಕದ್ದಲ್ಲ. ೨೦೦೬ರ ಅರಣ್ಯಹಕ್ಕಿನ ಕಾಯಿದೆಯು ಇಂಥವರಿಗೆಂದೇ ಆಗಿದೆ; ಕಾಯಿದೆಯ ಪುಸ್ತಕದಿಂದ ಹಕ್ಕುಪತ್ರವು ಕೈಗೆ ಬರುವ ದಾರಿ ಮಾತ್ರ ಘಟ್ಟದ ದಾರಿಗಿಂತ ಕಡಿದು.

ಕಬ್ಬಿಣದ ಬೇಡಿಕೆಯಾದರೂ ನಿಲ್ಲಲಿಲ್ಲ. ಕುದುರೆಮುಖವು ಮುಚ್ಚುವ ಹೊತ್ತಿಗೆ ಬಳ್ಳಾರಿಯಲ್ಲಿ ಅದಿರಿನ ಸುಗ್ಗಿಯೇ ಎದ್ದಿತ್ತು. ಅಲ್ಲಿ ನಡೆದ ಲೂಟಿಯು ಎಲ್ಲರೂ ಬಲ್ಲ ಕಥೆ. ಅದನ್ನು ಬಯಲಿಗೆಳೆದ ಲೋಕಾಯುಕ್ತ ಸಂತೋಷ ಹೆಗ್ಡೆಯವರು ನಮ್ಮ ಕಾರ್ಕಳದ ನಿಟ್ಟೆಯವರೆಂಬುದನ್ನು ಇಲ್ಲಿಯವರು ಅಭಿಮಾನದಿಂದ ನೆನೆಯುತ್ತಾರೆ. ೨೦೧೧ರ ಜುಲೈಯಲ್ಲಿ ಅವರ ವರದಿ ಬಂದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಂದೆ ತಪ್ಪಿನ ತೂಕ ನೋಡಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಕಡುತಪ್ಪಿನವುಗಳ ಗುತ್ತಿಗೆಯನ್ನು ರದ್ದುಮಾಡಿ, ಉಳಿದವಕ್ಕೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯನ್ನು ಹಾಕಿ ಮರಳಿ ತೆರೆಯಿಸಿದರು. ೨೦೧೫ರ ಗಣಿ ಕಾಯಿದೆಯ ತಿದ್ದುಪಡಿಯಂತೆ ಈಗ ಪ್ರತಿ ಗಣಿ ಜಿಲ್ಲೆಯಲ್ಲಿಯೂ ಒಂದು ಖನಿಜ ಪ್ರತಿಷ್ಠಾನವಿರಬೇಕು. ಸರಕಾರಕ್ಕೆ ಕಟ್ಟುವ ರಾಜಧನದ ಮೇಲೆ ಹಳೆಯ ಗುತ್ತಿಗೆಯವರು ನೂರಕ್ಕೆ ಮೂವತ್ತರಂತೆಯೂ ಹರಾಜಿನಲ್ಲಿ ಪಡೆದ ಹೊಸಬರು ಹತ್ತರಂತೆಯೂ ಅದಕ್ಕೆ ಸಲ್ಲಿಸಬೇಕು. ಆ ಹಣವು ಗಣಿಯಿಂದ ಬಾಧಿತರಾದ ಊರುಗಳ ನೀರು, ವಿದ್ಯೆ, ವೈದ್ಯಕೀಯ, ಕಸಬುಗಳಿಗೆ ಸಲ್ಲತಕ್ಕದ್ದು. ಕುದುರೆಮುಖಕ್ಕೆ ಈ ಏರ್ಪಾಡು ಹತ್ತು ವರ್ಷ ತಡವಾಗಿ ಬಂದಂತಾಯಿತು.

ಕುದುರೆಮುಖದ ಕಂಪನಿಯು ಇಂದಿಗೂ ಬದುಕಿದೆ. ತನ್ನದೇ ಅದಿರಿಲ್ಲದೆ ಇತರರಿಂದ ಕೊಂಡು ಮಂಗಳೂರಿನಲ್ಲಿ ಉಂಡೆಕಟ್ಟುವ ಕೆಲಸಕ್ಕೆ ಗತಿಯಿಲ್ಲವೆಂದು ಅದು ಸಂಡೂರಿನ ದೇವದಾರಿ ಬೆಟ್ಟದ ಮೇಲೆ ಕಣ್ಣಿಟ್ಟಿತು. ಅಲ್ಲಿಯೂ ನಾಲ್ಕುನೂರು ಹೆಕ್ಟೇರುಗಳಷ್ಟು ಕಾಡು ಹೋಗಬೇಕಾಗುವುದು. ೨೦೨೪ರ ಜೂನಿನಲ್ಲಿ ಕೇಂದ್ರದ ಉಕ್ಕಿನ ಸಚಿವರಾದ ಕುಮಾರಸ್ವಾಮಿಯವರು ಆ ಯೋಜನೆಯ ಕಾಗದಕ್ಕೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ರಾಜ್ಯದ ಅರಣ್ಯ ಸಚಿವರಾದ ಈಶ್ವರ ಖಂಡ್ರೆಯವರು, ಕುದುರೆಮುಖದ ಕಾಡಿಗೆ ಸಲ್ಲಬೇಕಾದ ಹಳೆಯ ಬಾಕಿಗಳು ತೀರುವವರೆಗೆ ದೇವದಾರಿಯ ಅರಣ್ಯಭೂಮಿಯನ್ನು ಬಿಟ್ಟುಕೊಡಬಾರದೆಂದು ಅಪ್ಪಣೆಮಾಡಿದರು. ಒಬ್ಬರು ಮಂಗಳೂರಿನ ಕೆಲಸಗಾರರ ಹೊಟ್ಟೆಯನ್ನು ಮುಂದಿಟ್ಟರು, ಒಬ್ಬರು ಸಂಡೂರಿನ ಮರಗಳನ್ನು. ಇಬ್ಬರ ರಾಜಕೀಯವನ್ನೂ ಬದಿಗಿಟ್ಟು ನೋಡಿದರೆ ಹಳೆಯ ಸಾಲವನ್ನು ತೀರಿಸದವನಿಗೆ ಹೊಸ ಸಾಲವಿಲ್ಲವೆಂಬ ಮಾತು ನಮ್ಮ ಪೇಟೆಯ ಯಾವ ಸೊಸೈಟಿಯಲ್ಲಿಯೂ ಒಪ್ಪತಕ್ಕದ್ದೇ.

ಹೆಬ್ರಿಯ ಕಡೆಗೆ ಮರಳೋಣ. ಪಶ್ಚಿಮಘಟ್ಟದ ಸೂಕ್ಷ್ಮಪ್ರದೇಶಗಳಲ್ಲಿ ಗಣಿಗಾರಿಕೆಯನ್ನು ಪೂರ್ತಿ ನಿಷೇಧಿಸಬೇಕೆಂದು ೨೦೧೩ರಲ್ಲಿ ಕಸ್ತೂರಿರಂಗನ್ ಸಮಿತಿಯು ಸೂಚಿಸಿತು. ೨೦೨೪ರ ಜುಲೈಯಲ್ಲಿ, ವಯನಾಡಿನ ಭೂಕುಸಿತದ ಬೆನ್ನಿಗೇ, ಕೇಂದ್ರವು ಹೊರಡಿಸಿದ ಕರಡಿನಲ್ಲಿ ಕರ್ನಾಟಕದ ೨೦,೬೬೮ ಚದರ ಕಿಲೋಮೀಟರು ಸೇರಿತ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಆ ವರದಿಯನ್ನೇ ತಿರಸ್ಕರಿಸಿತು. ಘಟ್ಟದಂಚಿನ ಕೃಷಿಕನು ಈ ವರದಿಗೆ ಹೆದರುವುದನ್ನು ಕಂಡು ಪೇಟೆಯವರು ನಗುತ್ತಾರೆ. ಅದು ಅನ್ಯಾಯ. ಗಣಿಗೆಂದು ಮಾಡಿದ ನಿಷೇಧವು ನಾಳೆ ತನ್ನ ಹಟ್ಟಿಗೂ ತೋಟಕ್ಕೂ ತಗಲುವುದೆಂಬ ಅವನ ಸಂಶಯವು ಕುದುರೆಮುಖದ ಅನುಭವದಿಂದಲೇ ಹುಟ್ಟಿದ್ದು. ಅದಿರಿಲ್ಲದೆ ಇಲ್ಲಿ ಉದ್ಯೋಗವಾಗದೆಂಬುದು ಮಾತ್ರ ಸುಳ್ಳು. ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಎಷ್ಟೋ ಮನೆಗಳನ್ನು ಸಾಕುತ್ತಿರುವರು. ಅಕ್ಕಿಗಿರಣಿಗಳಿವೆ, ಹೈನುಗಾರಿಕೆಯಿದೆ. ಮಣಿಪಾಲದ ಆಸ್ಪತ್ರೆ ವಿದ್ಯಾಲಯಗಳು ಗಂಟೆಯ ದಾರಿಯಲ್ಲಿವೆ. ಇವು ಯಾವುವೂ ಮೂವತ್ತು ವರ್ಷಕ್ಕೆ ತೀರುವ ಗುತ್ತಿಗೆಗಳಲ್ಲ. ಸಂಬಳವು ಕಂಪನಿಯ ಕಾಲದಷ್ಟು ದೊಡ್ಡದಲ್ಲ, ಪಿಂಚಣಿಯ ಭದ್ರತೆಯಿಲ್ಲ ಎಂಬ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ. ಈ ಕೆಲಸಗಳನ್ನು ಗೌರವದ ಕೆಲಸಗಳನ್ನಾಗಿ ಮಾಡುವ ಕಡೆಗೆ ಹಣವೂ ಬುದ್ಧಿಯೂ ಹರಿಯಬೇಕಾಗಿದೆ.

ಉಡುಪಿ ಮಣಿಪಾಲಗಳ ಗೃಹಸ್ಥರಿಗೆ ಘಟ್ಟದ ಈ ವ್ಯಾಜ್ಯವು ದೂರದ್ದೆಂದು ಕಾಣಬಹುದು. ಆದರೆ ಅವರ ನಲ್ಲಿಗೆ ಬರುವುದು ಸ್ವರ್ಣಾನದಿಯ ನೀರು. ಬಜೆಯ ಅಣೆಕಟ್ಟಿನಲ್ಲಿ ಅದನ್ನು ನಿಲ್ಲಿಸಿಕೊಳ್ಳುತ್ತಾರೆ. ೨೦೧೯ರ ಮೇ ತಿಂಗಳಲ್ಲಿ ಬಜೆಯು ಬತ್ತಿದಾಗ ಪೇಟೆಯ ಮನೆಗಳವರು ಕೊಡಗಳನ್ನು ಹಿಡಿದು ಟ್ಯಾಂಕರನ್ನು ಕಾದದ್ದು ನೆನಪಿರಬೇಕು. ಆ ನದಿಯು ಹುಟ್ಟಿ ಬರುವುದು ಕುದುರೆಮುಖದ ಈಚೆಯ ಇಳಿಜಾರಿನ ಕಾಡುಗಳಿಂದ. ಆ ಜೂನಿನಲ್ಲಿ ಮಳೆಯು ತಡವಾಗಿಯೇ ಬಂದಿತು. ಮಾಳದ ಮೇಲಣ ಗುಡ್ಡಗಳಲ್ಲಿ ಮೋಡವು ಕವಿಯಿತೇ ಎಂದು ಉಡುಪಿಯವರು ದಿನವೂ ಮೂಡಲ ಕಡೆಗೆ ಕಣ್ಣಿಟ್ಟು ನೋಡುತ್ತಿದ್ದರು.